ಬ್ರೌನ್ ಟ್ರೌಟೋ, ರೇನ್‌ಬೋ ಟ್ರೌಟೋ: ಗಾಳ ಹಾಕುವವರ ಎರಡು ಮೆಚ್ಚಿನ ಮೀನುಗಳ ವಿಮರ್ಶೆ

ತಣ್ಣೀರಿನ ಹೊಳೆಗಳಲ್ಲಿ ಗಾಳ ಹಾಕುವವರು ಒಂದೆಡೆ ಸೇರಿದರೆ ಬ್ರೌನ್ ಟ್ರೌಟ್ ಮತ್ತು ರೇನ್‌ಬೋ ಟ್ರೌಟ್‌ಗಳಲ್ಲಿ ಯಾವುದು ಮೇಲು ಎಂಬ ಮಾತು ಬಂದೇ ಬರುತ್ತದೆ. ಹೆಚ್ಚಿನ ಸಲ ಅದು ಒಂದೇ ತೀರ್ಪಿನಲ್ಲಿ ಮುಗಿಯುತ್ತದೆ: ಬ್ರೌನ್ ಜಾಣ ಮೀನು, ರೇನ್‌ಬೋ ಪೆದ್ದು ಮೀನು, ಬ್ರೌನ್ ಪಳಗಿದವರಿಗೆ, ರೇನ್‌ಬೋ ಹೊಸಬರಿಗೆ. ಬ್ರೌನ್ ಬಗೆಗಿನ ಮಾತನ್ನು ನಾನು ಒಪ್ಪುತ್ತೇನೆ, ರೇನ್‌ಬೋ ಬಗೆಗಿನದನ್ನು ಒಪ್ಪುವುದಿಲ್ಲ. ಹೀಗೆ ಹೇಳುವವರಲ್ಲಿ ಬಹುಪಾಲು ಮಂದಿ ಹೊಳೆಯಲ್ಲೇ ಹುಟ್ಟಿ ಬೆಳೆದ ಬ್ರೌನ್ ಮೀನನ್ನು, ಮೀನುಮರಿ ಉತ್ಪಾದನಾ ಕೇಂದ್ರದ ತೊಟ್ಟಿಯಲ್ಲಿ ಕೈಯಾರೆ ಹಾಕಿದ ಆಹಾರ ತಿಂದು ಬೆಳೆದು ಈಚೆಗಷ್ಟೇ ನೀರು ಕಂಡ ರೇನ್‌ಬೋ ಮೀನಿನೊಂದಿಗೆ ಹೋಲಿಸುತ್ತಿರುತ್ತಾರೆ. ಅದು ಎರಡು ಜಾತಿಗಳ ಹೋಲಿಕೆಯಲ್ಲ, ಎರಡು ಬಗೆಯ ಬಾಲ್ಯಗಳ ಹೋಲಿಕೆ. ಎರಡೂ ತಮ್ಮ ಪಾಡಿಗೆ ಬೆಳೆದ ನೀರಿನಲ್ಲಿ ಅವುಗಳನ್ನು ನೋಡಿದಾಗ ಸಿಗುವ ಚಿತ್ರ ಬೇರೆಯೇ ಆಗಿರುತ್ತದೆ.

ಗುರುತಿನ ವಿಷಯವನ್ನು ಬೇಗ ಮುಗಿಸುತ್ತೇನೆ. ಬ್ರೌನ್ ಮೀನಿನ ಮೈ ಹಳದಿ ಬೆರೆತ ಕಂದು. ಬೆನ್ನಿನ ಮೇಲೆ ದೊಡ್ಡ ಕಪ್ಪು ಚುಕ್ಕೆಗಳಿದ್ದು, ಪಕ್ಕೆಗಳಲ್ಲಿ ಕೆಂಪು ಚುಕ್ಕೆಗಳು ಬೆರೆತಿರುತ್ತವೆ, ಮತ್ತು ಅನೇಕ ಚುಕ್ಕೆಗಳ ಸುತ್ತ ತಿಳಿಬಣ್ಣದ ಬಳೆಯಂಥ ಅಂಚು ಇರುತ್ತದೆ. ರೇನ್‌ಬೋ ಮೀನಿನ ಬೆನ್ನು ಹಸಿರು ಛಾಯೆಯದು, ಹೊಟ್ಟೆ ಬೆಳ್ಳಿ, ಕೆನ್ನೆಯಿಂದ ಬಾಲದವರೆಗೆ ಗುಲಾಬಿ ಪಟ್ಟಿ, ಮೈತುಂಬ ಸಣ್ಣ ಕಪ್ಪು ಚುಕ್ಕೆಗಳು. ಸರೋವರದ ತೆರೆದ ನೀರಿನಲ್ಲಿ ಬೆಳೆದಾಗ ಎರಡಕ್ಕೂ ಬೆಳ್ಳಿಯ ಹೊಳಪು ಬಂದು ಗುಲಾಬಿ ಪಟ್ಟಿಯೂ ಕೆಂಪು ಚುಕ್ಕೆಯೂ ಮಾಸಿಹೋಗಬಹುದು. ಆಗ ಬಾಲವನ್ನು ನೋಡಬೇಕು: ರೇನ್‌ಬೋ ಬಾಲದ ತುಂಬ ಚುಕ್ಕೆಗಳು ರೆಕ್ಕೆಯ ಕಡ್ಡಿಗಳ ಗುಂಟ ಸಾಲಾಗಿ ಹರಡಿರುತ್ತವೆ, ಬ್ರೌನ್ ಬಾಲ ಬಹುಮಟ್ಟಿಗೆ ಬೋಳು.

ಹೆಸರಿನಲ್ಲಿ ಎರಡೂ ಟ್ರೌಟ್ ಆದರೂ ರಕ್ತಸಂಬಂಧ ನಾವು ಎಣಿಸುವಷ್ಟು ಹತ್ತಿರದ್ದಲ್ಲ. ಬ್ರೌನ್ ಮೀನಿಗೆ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲಿ ಸಾಲ್ಮೋ ಟ್ರುಟಾ ಎಂದು ಹೆಸರಿಟ್ಟ. ಅದು ಅಟ್ಲಾಂಟಿಕ್ ಸಾಲ್ಮನ್‌ನ ಕುಲಕ್ಕೇ ಸೇರಿದ್ದು. ರೇನ್‌ಬೋ ಮೀನನ್ನು ಜರ್ಮನ್ ಜೀವವಿಜ್ಞಾನಿ ವಾಲ್‌ಬಾಮ್ 1792ರಲ್ಲಿ ರಷ್ಯಾದ ಪೂರ್ವ ತುದಿಯ ಕಮ್ಚಾಟ್ಕಾದ ಮಾದರಿಗಳನ್ನು ಆಧರಿಸಿ ವರ್ಣಿಸಿದ. ಬಹುಕಾಲ ಅದನ್ನೂ ಸಾಲ್ಮೋ ಕುಲದಲ್ಲೇ ಇಟ್ಟಿದ್ದ ವಿಜ್ಞಾನಿಗಳು 1989ರಲ್ಲಿ ಪೆಸಿಫಿಕ್ ಸಾಲ್ಮನ್‌ಗಳಿರುವ ಆಂಕೊರಿಂಕಸ್ ಕುಲಕ್ಕೆ ಸೇರಿಸಿದರು. ಒಂದು ಯುರೋಪ್, ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯಾದ ಮೀನು. ಇನ್ನೊಂದು ಉತ್ತರ ಅಮೆರಿಕದ ಪೆಸಿಫಿಕ್ ಕರಾವಳಿಯ ಮತ್ತು ಕಮ್ಚಾಟ್ಕಾದ ನದಿಗಳದ್ದು. ಎರಡನ್ನೂ ಜಗತ್ತಿನಾದ್ಯಂತ ಹೊತ್ತೊಯ್ದದ್ದು ಗಾಳದ ಹುಚ್ಚಿನ ಮನುಷ್ಯರೇ. 1864ರಲ್ಲಿ ಬ್ರೌನ್ ಮೊಟ್ಟೆಗಳು ಪಾಚಿಯಲ್ಲಿ ಸುತ್ತಿ ಮಂಜುಗಡ್ಡೆಯ ನಡುವೆ ಇಟ್ಟ ಸ್ಥಿತಿಯಲ್ಲಿ ಇಂಗ್ಲೆಂಡಿನಿಂದ ಹಡಗೇರಿ ಟ್ಯಾಸ್ಮೇನಿಯಾ ತಲುಪಿದವು. 1883ರಲ್ಲಿ ಜರ್ಮನಿಯಿಂದ ಅಮೆರಿಕಕ್ಕೆ ಬ್ರೌನ್, ಅದೇ ವರ್ಷ ಕ್ಯಾಲಿಫೋರ್ನಿಯಾದಿಂದ ನ್ಯೂಜಿಲೆಂಡಿಗೆ ರೇನ್‌ಬೋ ಹೋದವು. ಹೊಸ ನೀರಿನಲ್ಲಿ ಇವು ಅಲ್ಲಿನ ಮೂಲ ಮೀನುಗಳನ್ನು ತಿಂದೂ ಒತ್ತರಿಸಿಯೂ ಮಾಡಿದ ಹಾನಿ ಸಣ್ಣದಲ್ಲ, ಹಾಗಾಗಿಯೇ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಸಿದ್ಧಪಡಿಸಿದ ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಎರಡೂ ಇವೆ. ಇವುಗಳನ್ನು ಮೆಚ್ಚುವವರು ಈ ಸಂಗತಿಯನ್ನು ಮರೆಯಬಾರದೆಂದು ನನ್ನ ಅಭಿಪ್ರಾಯ.

ಇನ್ನು ಗಾಳ ಹಾಕುವವನಿಗೆ ನಿಜವಾಗಿ ಬೇಕಾದ ವಿಷಯ, ಅಂದರೆ ಮೀನು ಎಲ್ಲಿ ನಿಲ್ಲುತ್ತದೆ, ಏನನ್ನು ಹೇಗೆ ತಿನ್ನುತ್ತದೆ ಎಂಬುದು. ಬ್ರೌನ್ ಮೂಲತಃ ಮರೆಯ ಮೀನು. ನೀರು ಕೊರೆದು ಒಳಗೆ ಪೊಳ್ಳಾದ ದಡ, ಮುಳುಗಿದ ಮರದ ಬೇರು, ಬಂಡೆಯ ಹಿಂದಿನ ನೆರಳು, ಹೀಗೆ ತಲೆಯ ಮೇಲೆ ಸೂರಿರುವ ಮತ್ತು ಪಕ್ಕದಲ್ಲೇ ಆಹಾರ ಹೊತ್ತು ತರುವ ಸೆಳವಿರುವ ಜಾಗವನ್ನು ಅದು ಆರಿಸಿಕೊಳ್ಳುತ್ತದೆ. ಒಳ್ಳೆಯ ಜಾಗ ಸಿಕ್ಕಿದ ದೊಡ್ಡ ಮೀನು ಅದನ್ನು ಬಿಟ್ಟುಕೊಡುವುದಿಲ್ಲ. ಅದನ್ನು ಹಿಡಿದು ಹೊರಹಾಕಿದರೆ ಸ್ವಲ್ಪ ಕಾಲದಲ್ಲೇ ಇನ್ನೊಂದು ಬ್ರೌನ್ ಬಂದು ಅಲ್ಲೇ ನಿಲ್ಲುತ್ತದೆ. ಬೆಳೆದಂತೆಲ್ಲ ಅದು ಹುಳುಗಳಿಂದ ಸಣ್ಣ ಮೀನುಗಳ ಕಡೆಗೆ ಹೊರಳುತ್ತದೆ, ಹಗಲಿಗಿಂತ ಮುಸ್ಸಂಜೆ ಮತ್ತು ರಾತ್ರಿಯಲ್ಲಿ ಹೆಚ್ಚು ಓಡಾಡುತ್ತದೆ. ನ್ಯೂಜಿಲೆಂಡಿನ ಬೀಚ್ ಎಂಬ ಜಾತಿಯ ಕಾಡುಮರಗಳು ಭರಪೂರ ಬೀಜ ಬಿಟ್ಟ ವರ್ಷಗಳಲ್ಲಿ ಕಾಡಿನಲ್ಲಿ ಇಲಿಗಳು ಹೆಚ್ಚಿ, ಹೊಳೆ ದಾಟುವ ಇಲಿಗಳನ್ನು ಟ್ರೌಟ್‌ಗಳು ನುಂಗಿ ದಪ್ಪಗಾಗುವುದು ಅಲ್ಲಿನ ಗಾಳಗಾರರಿಗೆಲ್ಲ ಗೊತ್ತಿರುವ ವಿಷಯ.

ಬ್ರೌನ್ ಮೀನಿನ ನಿಜವಾದ ಗುಣ ತಿಳಿಯುವುದು ಸಂಜೆ ಮೇಫ್ಲೈ ಎಂಬ ರೆಕ್ಕೆಹುಳುಗಳು ನೀರಿನಿಂದ ಏಳುವ ಹೊತ್ತಿನಲ್ಲಿ. ದಡದ ಹುಲ್ಲು ಬಾಗಿ ನೀರನ್ನು ಮುಟ್ಟುವ ಜಾಗದಲ್ಲಿ ಅಂಗೈಯಗಲದ ಒಂದು ಉಂಗುರ ಎದ್ದು ಸೆಳವಿನಲ್ಲಿ ಕರಗುತ್ತದೆ. ಸದ್ದಿಲ್ಲ, ಚಿಮ್ಮಿದ ನೀರಿಲ್ಲ, ನೋಡುವವರಿಗೆ ಅದು ಅಂಗುಲದ ಮರಿಯ ಕೆಲಸವೆನಿಸುತ್ತದೆ. ದಿಟ್ಟಿಸಿ ನೋಡಿದರೆ ಮೊದಲು ಮೂಗಿನ ತುದಿ, ಆಮೇಲೆ ಬೆನ್ನಿನ ರೆಕ್ಕೆ, ಅದಾದ ಮೇಲೆ ಬಾಲದ ತುದಿ ಸಾವಕಾಶವಾಗಿ ಮೇಲೆ ಬಂದು ಇಳಿಯುತ್ತವೆ, ಮೂಗಿಗೂ ಬಾಲಕ್ಕೂ ನಡುವಿನ ದೂರ ಕಂಡಾಗಲೇ ಮೀನಿನ ಗಾತ್ರ ಅರಿವಾಗುತ್ತದೆ. ಆ ಮೀನು ಒಂದು ನಿರ್ದಿಷ್ಟ ಗೆರೆಯಲ್ಲಿ ಬರುವ ಹುಳುಗಳನ್ನಷ್ಟೇ ತಿನ್ನುತ್ತಿರುತ್ತದೆ, ಒಂದು ಗೇಣು ಆಚೆ ತೇಲಿದ್ದಕ್ಕೆ ಅಲುಗುವುದೂ ಇಲ್ಲ. ಕೊಕ್ಕೆಗೆ ಗರಿ, ನೂಲು ಕಟ್ಟಿ ಮಾಡಿದ ಕೃತಕ ನೊಣವನ್ನು ಅದೇ ಗೆರೆಯಲ್ಲಿ ಬಿಟ್ಟರೂ, ನೀರಿನ ಮೇಲೆ ಮಲಗಿದ ದಾರವನ್ನು ಸೆಳವು ಎಳೆದು ನೊಣ ತುಸು ಜಾರಿದರೆ ಮೀನು ಮುಳುಗಿ ಮರೆಯಾಗುತ್ತದೆ, ಆ ಸಂಜೆ ಮತ್ತೆ ಏಳದೆಯೂ ಇರಬಹುದು. ಗಾಳ ಹಾಕುವುದರಲ್ಲಿ ಇದಕ್ಕಿಂತ ಏಕಾಗ್ರತೆ ಬೇಡುವ ಕೆಲಸವನ್ನು ನಾನು ಕಂಡಿಲ್ಲ.

ಇಲ್ಲಿ ಬೆಳಕಿನ ನಿಯಮವೊಂದನ್ನು ತಿಳಿದಿರುವುದು ಬಹಳ ಉಪಯೋಗಕ್ಕೆ ಬರುತ್ತದೆ. ನೀರಿನೊಳಗಿರುವ ಮೀನಿಗೆ ಹೊರಜಗತ್ತು ತಲೆಯ ಮೇಲಿನ ದುಂಡನೆಯ ಬೆಳಕಿಂಡಿಯೊಂದರ ಮೂಲಕವಷ್ಟೇ ಕಾಣುತ್ತದೆ. ಗಾಳಿಯಿಂದ ನೀರಿಗಿಳಿಯುವಾಗ ಬೆಳಕು ಬಾಗುವುದರಿಂದ ಈ ಕಿಂಡಿಯ ಕೋನ ಸುಮಾರು 97 ಡಿಗ್ರಿ, ಅದರ ಅಗಲ ಮೀನಿರುವ ಆಳದ ಸುಮಾರು ಎರಡೂಕಾಲು ಪಟ್ಟು. ಅಂದರೆ 30 ಸೆಂ.ಮೀ. ಆಳದಲ್ಲಿ ನಿಂತ ಮೀನಿಗೆ 68 ಸೆಂ.ಮೀ. ಅಗಲದ ಕಿಂಡಿ, ಒಂದು ಮೀಟರ್ ಆಳದಲ್ಲಿರುವುದಕ್ಕೆ ಎರಡು ಮೀಟರಿಗೂ ಮಿಕ್ಕಿದ್ದು. ದಡದಲ್ಲಿರುವ ತಗ್ಗಿನ ವಸ್ತುಗಳು ಈ ಕಿಂಡಿಯ ಅಂಚಿನಲ್ಲಿ ಚಪ್ಪಟೆಯಾಗಿ ಮಸುಕಾಗಿ ಕಾಣುತ್ತವೆ, ಎತ್ತರದವು ನಿಚ್ಚಳವಾಗಿ ಕಾಣುತ್ತವೆ. ಮೇಲ್ಮೈಗೆ ತಾಗಿ ಹುಳು ತಿನ್ನುತ್ತಿರುವ ಬ್ರೌನ್ ಹತ್ತಿರಕ್ಕೆ ಹಿಂದಿನಿಂದ ಬಗ್ಗಿ ಹೋದರೆ ಅಚ್ಚರಿಯಾಗುವಷ್ಟು ಸಮೀಪ ಸೇರಬಹುದು. ಆದರೆ ಅದರ ಕಿಂಡಿ ಕಿರಿದಾದ್ದರಿಂದ ನೊಣ ಬೀಳುವ ಜಾಗ ಅಷ್ಟೇ ಕರಾರುವಾಕ್ಕಾಗಿರಬೇಕು. ದಡದ ಮೇಲೆ ನೆಟ್ಟಗೆ ನಿಂತು ದೂರದಿಂದ ಎಸೆಯುವವರಿಗಿಂತ ಮೊಣಕಾಲೂರಿ ಹತ್ತಿರದಿಂದ ಎಸೆಯುವವರಿಗೆ ಬ್ರೌನ್ ಒಲಿಯುವುದಕ್ಕೆ ಇದೇ ಕಾರಣ.

ರೇನ್‌ಬೋ ಮೀನಿನ ಬದುಕು ಬಯಲಿನದು. ಕಲ್ಲುಗಳ ಮೇಲೆ ನೊರೆಯೆದ್ದು ಹರಿಯುವ ನೀರಿನಲ್ಲಿ, ಬ್ರೌನ್ ಮೀನಿಗೆ ಬೇಡವಾದಷ್ಟು ರಭಸವಿರುವ ಕಡೆಯಲ್ಲಿ ಅದು ನಿಂತು ಸೆಳವು ತಂದದ್ದನ್ನು ಆಯುತ್ತದೆ. ಸರೋವರದಲ್ಲಾದರೆ ಒಂದೆಡೆ ನಿಲ್ಲದೆ ಸುತ್ತಾಡುತ್ತ, ನಡುನೀರಿನಲ್ಲಿ ತೇಲುವ ಪುಟ್ಟ ಪ್ರಾಣಿಗಳನ್ನೂ ಮೇಲ್ಮೈಯ ಹುಳುಗಳನ್ನೂ ತಿನ್ನುತ್ತದೆ. ರಭಸದ ನೀರಿನಲ್ಲಿ ಹುಳುವನ್ನು ಪರೀಕ್ಷಿಸಿ ನೋಡಲು ಹೊತ್ತಿರುವುದಿಲ್ಲ, ಬಿಟ್ಟರೆ ಹೋಯಿತು. ಆದ್ದರಿಂದ ಅದು ಬೇಗ ನಿರ್ಧರಿಸುತ್ತದೆ. ಇದನ್ನೇ ಜನ ಪೆದ್ದುತನ ಎನ್ನುವುದು. ನನ್ನ ಕಣ್ಣಿಗೆ ಇದು ತಾನು ಆರಿಸಿಕೊಂಡ ಜಾಗಕ್ಕೆ ತಕ್ಕ ನಡತೆ. ಅದೇ ರೇನ್‌ಬೋ ತಿಳಿಯಾದ ನಿಧಾನದ ನೀರಿನಲ್ಲಿ ಸಣ್ಣ ಹುಳುಗಳನ್ನು ತಿನ್ನುತ್ತಿರುವಾಗ ಯಾವ ಬ್ರೌನ್ ಮೀನಿಗೂ ಕಡಿಮೆಯಿಲ್ಲದಷ್ಟು ಚೂಟಿಯಾಗಿ ನಕಲಿಯನ್ನು ತಿರಸ್ಕರಿಸುತ್ತದೆ.

ಕೊಕ್ಕೆ ಕಚ್ಚಿದ ಮೇಲಂತೂ ರೇನ್‌ಬೋ ಮೀನಿನ ಮುಂದೆ ಬ್ರೌನ್ ನಿಲ್ಲುವುದಿಲ್ಲ. ಕೋಲಿನ ತುದಿ ಬಾಗಿದ್ದು ಅರಿವಿಗೆ ಬರುವ ಮೊದಲೇ ರೀಲು ಕಿರುಚತೊಡಗಿರುತ್ತದೆ, ದಾರ ನೀರನ್ನು ಸೀಳುತ್ತ ಎದುರು ದಡದ ಕಡೆಗೆ ಓಡುತ್ತದೆ. ಥಟ್ಟನೆ ದಾರ ಸಡಿಲವಾಯಿತೆಂದು ಗಾಬರಿಯಾದರೆ ಮೀನು ನೀರಿನಿಂದ ಪೂರ್ತಿ ಮೇಲೆದ್ದು, ಪಕ್ಕೆಯ ಗುಲಾಬಿ ಬೆಳಕಿಗೆ ಹೊಳೆದು, ತಲೆ ಒದರುತ್ತ ಬೀಳುತ್ತಿರುತ್ತದೆ. ಆ ಕ್ಷಣದಲ್ಲಿ ಕೋಲನ್ನು ತುಸು ತಗ್ಗಿಸಿ ದಾರಕ್ಕೆ ಸಡಿಲ ಕೊಡದಿದ್ದರೆ ತುದಿಯ ತೆಳು ದಾರ ತುಂಡಾಗುತ್ತದೆ. ಇಂಥ ನೆಗೆತಗಳನ್ನು ಅದು ಒಂದರ ಮೇಲೊಂದರಂತೆ ಮಾಡಬಲ್ಲದು. ಬ್ರೌನ್ ಸಾಮಾನ್ಯವಾಗಿ ಹೋರಾಡುವುದು ತಳದಲ್ಲಿ: ಭಾರವಾಗಿ ತಲೆಯಾಡಿಸುತ್ತ, ಹಟದಿಂದ ತನ್ನ ಬೇರಿನ ಸಂದಿಗೆ ಮರಳಲು ನೋಡುತ್ತದೆ. ಅದನ್ನು ಮೊದಲ ಕೆಲವು ಸೆಕೆಂಡುಗಳಲ್ಲಿ ಪಕ್ಕಕ್ಕೆಳೆದು ತೆರೆದ ನೀರಿಗೆ ತರದಿದ್ದರೆ ಮೀನು ದಾರವನ್ನು ಕೊಂಬೆಗೆ ಸುತ್ತಿ ಹೊರಟುಹೋಗುತ್ತದೆ. ಹೋರಾಟದ ಸೊಗಸಿಗಾಗಿಯೇ ಗಾಳ ಹಾಕುವವರು ರೇನ್‌ಬೋ ಇರುವ ನೀರನ್ನು ಆರಿಸಿಕೊಳ್ಳಲಿ ಎಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. ಸಮುದ್ರಕ್ಕೆ ಹೋಗಿ ಬರುವ ರೇನ್‌ಬೋ, ಅಂದರೆ ಸ್ಟೀಲ್‌ಹೆಡ್, ಈ ಗುಣವನ್ನು ಇನ್ನೊಂದು ಮಟ್ಟಕ್ಕೆ ಒಯ್ಯುತ್ತದೆ. ಬ್ರೌನ್ ಜಾತಿಯಲ್ಲೂ ಸಮುದ್ರಯಾತ್ರೆ ಮಾಡುವ ಸೀ ಟ್ರೌಟ್ ಇದೆ, ಆದರೆ ಅವುಗಳ ವಿಮರ್ಶೆ ಬೇರೆಯೇ ಆಗಬೇಕು.

ತೊಟ್ಟಿಯಲ್ಲಿ ಬೆಳೆದ ಮೀನಿನ ಪ್ರಶ್ನೆಗೆ ಬರುತ್ತೇನೆ. ರೇನ್‌ಬೋ ಸಾಕಣೆಗೆ ಚೆನ್ನಾಗಿ ಒಗ್ಗುವ, ಬೇಗ ಬೆಳೆಯುವ, ಗುಂಪಿನಲ್ಲಿ ಇರಗೊಡುವ ಮೀನು. ಆದ್ದರಿಂದಲೇ ಹಿಡಿಯುವುದಕ್ಕೆಂದೇ ನೀರಿಗೆ ಬಿಡುವ ಟ್ರೌಟ್‌ಗಳಲ್ಲಿ ಅದರ ಪಾಲು ಬಹಳ ದೊಡ್ಡದು, ಮತ್ತು ಬಹುಪಾಲು ಜನ ಮೊದಲು ಹಿಡಿಯುವ ರೇನ್‌ಬೋ ಇಂಥದ್ದೇ ಆಗಿರುತ್ತದೆ. ಸವೆದು ಮೊಂಡಾದ ಎದೆರೆಕ್ಕೆಗಳು, ಅಂಚು ಹರಿದ ಬಾಲ, ಮಾಸಿದ ಬಣ್ಣ ಇದ್ದರೆ ಅದು ತೊಟ್ಟಿಯ ಮೀನೆಂದು ತಿಳಿಯಬಹುದು; ಮೇಲಿನಿಂದ ನೀರಿಗೆ ಬಿದ್ದ ಸದ್ದನ್ನು ಊಟದ ಕರೆಯೆಂದು ಕಲಿತಿರುವ ಅದು ತಿರುಗುವ ಲೋಹದ ತಗಡಿನ ಬಣ್ಣದ ಸ್ಪಿನ್ನರಿಗೂ ನುಗ್ಗಿ ಬರುತ್ತದೆ. ಅದೇ ತೊಟ್ಟಿಯಲ್ಲಿ ಬೆಳೆದ ಬ್ರೌನ್ ಕೂಡ ಮೊದಲ ದಿನಗಳಲ್ಲಿ ಹೆಚ್ಚು ಜಾಣತನ ತೋರುವುದಿಲ್ಲ. ದಾಖಲೆಯ ಮೀನುಗಳಲ್ಲೂ ಮನುಷ್ಯನ ಕೈ ಕಾಣುತ್ತದೆ. 2009ರಲ್ಲಿ ಕೆನಡಾದ ಡೀಫೆನ್‌ಬೇಕರ್ ಸರೋವರದಲ್ಲಿ ಸಿಕ್ಕ 48 ಪೌಂಡ್, ಅಂದರೆ ಸುಮಾರು 21.8 ಕೆ.ಜಿ. ತೂಕದ ರೇನ್‌ಬೋ ಸಾಕಣೆ ಕೇಂದ್ರದಿಂದ ತಪ್ಪಿಸಿಕೊಂಡಿದ್ದ ತಳಿಯದು. ಪ್ರತಿ ವರ್ಣತಂತುವಿನ ಎರಡರ ಬದಲು ಮೂರು ಪ್ರತಿಗಳಿರುವ ಆ ಮೀನುಗಳು ಸಂತಾನಶಕ್ತಿಯಿಲ್ಲದೆ, ಆ ಶಕ್ತಿಯನ್ನೆಲ್ಲ ಮೈ ಬೆಳೆಸಲು ಬಳಸುತ್ತವೆ. 2013ರಲ್ಲಿ ನ್ಯೂಜಿಲೆಂಡಿನ ಒಹಾವು ಕಾಲುವೆಯಲ್ಲಿ ಸಿಕ್ಕು ಆಗ ದಾಖಲೆಯಾದ, 19 ಕೆ.ಜಿ. ಮೀರಿದ ಬ್ರೌನ್ ಬೆಳೆದದ್ದು ಸಾಲ್ಮನ್ ಸಾಕಣೆಯ ಬಲೆಗಳಿಂದ ಉದುರುವ ಆಹಾರ ಸಿಗುವ ಕಾಲುವೆಗಳಲ್ಲಿ. ಹೀಗಾಗಿ ದಾಖಲೆಯ ತೂಕ ನೋಡಿ ಜಾತಿಗೆ ಅಂಕ ಕೊಡುವುದು ಸರಿಯಲ್ಲ. ಸಾಧಾರಣ ಹೊಳೆಯಲ್ಲಿ ಎರಡೂ ಒಂದು ಕೆ.ಜಿ. ಮುಟ್ಟಿದರೆ ಅದು ಒಳ್ಳೆಯ ಮೀನೇ.

ಸಲಕರಣೆಯಲ್ಲಿ ಹೆಚ್ಚು ವ್ಯತ್ಯಾಸ ಬೇಕಾಗಿಲ್ಲ. ಒಂಬತ್ತು ಅಡಿಯ, ಐದನೇ ಸಂಖ್ಯೆಯ (ಸಂಖ್ಯೆ ದಾರದ ತೂಕದ ದರ್ಜೆ) ದಾರಕ್ಕೆ ಹೊಂದುವ ಒಂದೇ ಕೋಲು ಎರಡಕ್ಕೂ ಸಾಕು. ರೇನ್‌ಬೋ ಗುರಿಯಾದರೆ ಹಣವನ್ನು ನುಣುಪಾಗಿ ದಾರ ಬಿಡುವ ರೀಲಿಗೆ ಹಾಕಬೇಕು, ಬ್ರೌನ್ ಗುರಿಯಾದರೆ ಕತ್ತಲಾಗುವವರೆಗೆ ಕಾಯುವ ತಾಳ್ಮೆಯನ್ನು ಕೂಡಿಟ್ಟುಕೊಳ್ಳಬೇಕು.

ವರ್ಷದ ಯಾವ ಕಾಲದಲ್ಲಿ ಯಾವ ಮೀನಿನ ಬೆನ್ನು ಹತ್ತಬೇಕೆಂಬುದನ್ನು ಮೊಟ್ಟೆಯಿಡುವ ಕಾಲ ನಿರ್ಧರಿಸುತ್ತದೆ, ಮತ್ತು ಎರಡು ಜಾತಿಗಳ ನಡುವಿನ ಅತಿ ದೊಡ್ಡ ಭೇದ ಇರುವುದೂ ಇಲ್ಲೇ. ಬ್ರೌನ್ ಶರತ್ಕಾಲದಿಂದ ಚಳಿಗಾಲದ ಆರಂಭದವರೆಗೆ ಮೊಟ್ಟೆಯಿಡುತ್ತದೆ, ರೇನ್‌ಬೋ ಸಾಮಾನ್ಯವಾಗಿ ವಸಂತದಲ್ಲಿ. ಎರಡರಲ್ಲೂ ಹೆಣ್ಣು ಮೀನು ಪಕ್ಕಕ್ಕೆ ಹೊರಳಿ ಬಾಲದಿಂದ ನುರುಜುಗಲ್ಲನ್ನು ಬಡಿದು ಗುಳಿ ತೋಡಿ, ಮೊಟ್ಟೆಯಿಟ್ಟ ಮೇಲೆ ಮುಂದಿನ ಕಲ್ಲುಗಳನ್ನು ಎಬ್ಬಿಸಿ ಅದನ್ನು ಮುಚ್ಚುತ್ತದೆ. 10 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ರೇನ್‌ಬೋ ಮೊಟ್ಟೆ ಒಡೆಯಲು ಸುಮಾರು ಒಂದು ತಿಂಗಳು, ಬ್ರೌನ್ ಮೊಟ್ಟೆಗೆ ಸುಮಾರು ಆರು ವಾರ ಬೇಕು. ಚಳಿಗಾಲದ ತಣ್ಣನೆಯ ನೀರಿನಲ್ಲಿ ಬ್ರೌನ್ ಮೊಟ್ಟೆಗಳು ತಿಂಗಳುಗಟ್ಟಲೆ ಕಲ್ಲಿನೊಳಗೇ ಇರುತ್ತವೆ. ಎರಡೂ ಇರುವ ಹೊಳೆಯಲ್ಲಿ ಇದರಿಂದ ವಿಚಿತ್ರ ಪೈಪೋಟಿ ಹುಟ್ಟುತ್ತದೆ. ಬ್ರೌನ್ ಮರಿಗಳು ಮೊದಲು ಹೊರಬಂದು ಒಳ್ಳೆಯ ಜಾಗಗಳನ್ನು ಹಿಡಿದುಕೊಳ್ಳುತ್ತವೆ. ಆದರೆ ಅವು ಹೊರಬರುವ ಮೊದಲೇ ರೇನ್‌ಬೋ ಹೆಣ್ಣುಗಳು ಅದೇ ಕಲ್ಲುಹಾಸಿಗೆ ಬಂದು ಗುಳಿ ತೋಡಿದರೆ ಬ್ರೌನ್ ಮೊಟ್ಟೆಗಳು ಕಿತ್ತುಹೋಗುತ್ತವೆ. ಸುತ್ತಲಿನ ಕಪ್ಪಗಿನ ತಳದ ನಡುವೆ ಈಚೆಗೆ ತೊಳೆದಂತೆ ತಿಳಿಯಾಗಿ ಕಾಣುವ ಕಲ್ಲಿನ ತೇಪೆ ಇಂಥ ಗೂಡಿನ ಗುರುತು. ಅದರ ಮೇಲೆ ಕಾಲಿಡಬಾರದು, ಅಲ್ಲಿ ನಿಂತ ಮೀನಿಗೆ ಗಾಳವನ್ನೂ ಹಾಕಬಾರದು.

ರೋಗದ ವಿಷಯದಲ್ಲಿ ಬ್ರೌನ್ ಮೀನಿನದು ಮೇಲುಗೈ. ಯುರೋಪಿನ ಮೂಲದ ಮಿಕ್ಸೊಬೋಲಸ್ ಎಂಬ ಪರೋಪಜೀವಿಯ ಜೊತೆಗೇ ವಿಕಾಸಗೊಂಡ ಬ್ರೌನ್ ಅದನ್ನು ಹೊತ್ತೂ ಬಹುಮಟ್ಟಿಗೆ ಆರೋಗ್ಯವಾಗಿರುತ್ತದೆ. ಅದೇ ಜೀವಿ ರೇನ್‌ಬೋ ಮರಿಗಳ ಮೃದ್ವಸ್ಥಿಯನ್ನು ತಿಂದು, ಅವು ಬಾಲದ ಬೆನ್ನಟ್ಟಿದಂತೆ ಗಿರಗಿರನೆ ಸುತ್ತುತ್ತ ಸಾಯುವಂತೆ ಮಾಡುತ್ತದೆ. 1990ರ ದಶಕದಲ್ಲಿ ಅಮೆರಿಕದ ಮೊಂಟಾನಾದ ಮ್ಯಾಡಿಸನ್ ನದಿಯಲ್ಲೂ ಕೊಲರಾಡೊದ ನದಿಗಳಲ್ಲೂ ರೇನ್‌ಬೋ ಸಂಖ್ಯೆ ಕುಸಿದಾಗ ಬ್ರೌನ್ ಅಲ್ಲೇ ಉಳಿದುಕೊಂಡಿತು. ಕೆಸರಿನ ಹುಳುವಿನಲ್ಲಿ ಅರ್ಧ ಬದುಕು ಕಳೆಯುವ ಈ ಜೀವಿ ಬೂಟಿನ ಕೆಸರಿನಲ್ಲೂ ಪ್ರಯಾಣ ಮಾಡಬಲ್ಲದು, ಹಾಗಾಗಿ ಒಂದು ಹೊಳೆಯಿಂದ ಇನ್ನೊಂದಕ್ಕೆ ಹೋಗುವ ಮೊದಲು ಬೂಟು ತೊಳೆದು ಒಣಗಿಸುವುದು ರೇನ್‌ಬೋ ಮೆಚ್ಚುವವರ ಕನಿಷ್ಠ ಹೊಣೆ.

ಎರಡರಲ್ಲಿ ಒಂದನ್ನೇ ಆರಿಸೆಂದರೆ ನಾನು ಬ್ರೌನ್ ಎನ್ನುತ್ತೇನೆ. ಅದನ್ನು ಹಿಡಿಯಬೇಕಾದರೆ ಹೊಳೆಯ ಪ್ರತಿಯೊಂದು ತಿರುವನ್ನೂ ಓದಲೇಬೇಕಾಗುತ್ತದೆ, ಹಾಗೂ ಹಾಗೆ ಓದಿದ ಹೊಳೆ ಮರುವರ್ಷವೂ ಉಪಯೋಗಕ್ಕೆ ಬರುತ್ತದೆ. ಕೋಲು ಹಿಡಿಯುವುದನ್ನು ಕಲಿಯುತ್ತಿರುವವರಿಗೆ, ಮಕ್ಕಳ ಜೊತೆ ಹೋಗುವವರಿಗೆ, ನಡುಹಗಲಿನಲ್ಲಷ್ಟೇ ಬಿಡುವಿರುವವರಿಗೆ ರೇನ್‌ಬೋ ಖಂಡಿತವಾಗಿ ಉತ್ತಮ ಆಯ್ಕೆ. ಸಾಧ್ಯವಾದರೆ ತೊಟ್ಟಿಯ ಮೀನು ಬಿಡದ, ಮೀನು ತಾನಾಗಿ ಮರಿ ಮಾಡುವ ನೀರನ್ನು ಹುಡುಕಿ ಹೋಗಬೇಕು.

ಹಿಡಿದು ಬಿಡುವವರು ಎರಡೂ ಮೀನುಗಳನ್ನು ಒಂದೇ ಎಚ್ಚರದಿಂದ ನೋಡಿಕೊಳ್ಳಬೇಕು. ಸಮುದ್ರಮಟ್ಟದಲ್ಲಿ 10 ಡಿಗ್ರಿ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 20 ಡಿಗ್ರಿ ನೀರು ಹಿಡಿಯುವುದು ಸುಮಾರು 9; ಮೀನಿಗೆ ಹೆಚ್ಚು ಉಸಿರು ಬೇಕಾಗುವ ಬಿಸಿಯಲ್ಲೇ ನೀರಿನಲ್ಲಿ ಉಸಿರು ಕಡಿಮೆ. 1992ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸುಸ್ತಾಗುವವರೆಗೆ ಈಜಿಸಿದ ರೇನ್‌ಬೋ ಮೀನುಗಳಲ್ಲಿ ನೀರಿನಲ್ಲೇ ಉಳಿದವುಗಳ ಪೈಕಿ ಶೇ. 12ರಷ್ಟು ಸತ್ತರೆ, 30 ಸೆಕೆಂಡು ಗಾಳಿಗೆ ಒಡ್ಡಿದವುಗಳಲ್ಲಿ ಶೇ. 38, ಒಂದು ನಿಮಿಷ ಒಡ್ಡಿದವುಗಳಲ್ಲಿ ಶೇ. 72ರಷ್ಟು ಸತ್ತವು. ಪ್ರಯೋಗಾಲಯದ ಸ್ಥಿತಿ ಹೊಳೆಗಿಂತ ಕಠಿಣವಿದ್ದರೂ ಒಂದು ಫೋಟೋಗೆ ಮೀನು ತೆರುವ ಬೆಲೆ ಯಾವ ದಿಕ್ಕಿನದೆಂದು ಅದರಿಂದ ತಿಳಿಯುತ್ತದೆ. ಕೊನೆಯವರೆಗೂ ನೆಗೆದು ದಣಿಯುವ ರೇನ್‌ಬೋ ಮೀನನ್ನಂತೂ ಆಟ ಎಳೆಯದೆ ಬೇಗ ದಡಕ್ಕೆ ತರಬೇಕು. ತುದಿಯಲ್ಲಿ ಹಿಮ್ಮುಖ ಮುಳ್ಳಿಲ್ಲದ ಕೊಕ್ಕೆ ಬಳಸಿ, ಕೈ ಒದ್ದೆ ಮಾಡಿಕೊಂಡು, ಮೀನನ್ನು ಬಲೆಯೊಳಗೇ ನೀರಿನಲ್ಲಿ ಇಟ್ಟು ಕೊಕ್ಕೆ ಬಿಡಿಸಿ, ಸೆಳವಿಗೆ ಮುಖ ಮಾಡಿ ಹಿಡಿದು, ತಾನಾಗಿ ಬಾಲ ಬಡಿದು ಹೋಗುವವರೆಗೆ ಕಾಯಬೇಕು. ಜೇಬಿನಲ್ಲೊಂದು ತಾಪಮಾಪಕ ಇರಲಿ. ನೀರು ಬೆಳಗ್ಗೆಯೇ 20 ಡಿಗ್ರಿ ತೋರಿಸಿದ ದಿನ ಬ್ರೌನ್ ಆಗಲಿ ರೇನ್‌ಬೋ ಆಗಲಿ, ಕೋಲನ್ನು ಚೀಲದಿಂದ ಹೊರತೆಗೆಯದೆ ಮರಳುವುದೇ ಸರಿ.